ಬಾಗಲಕೋಟೆಯಿಂದ ಶ್ಟುಟ್‌ಗಾರ್ಟಿಗೆ: ಮೊದಲ ಚಳಿಗಾಲದ ಅಡಿಗೆ, ಅಂಗಿ ಮತ್ತು ಕಿಟಕಿ

ಶ್ರಾವಣ ಮುಗಿಯುವ ಹೊತ್ತಿಗೆ ವಿದ್ಯಾಗಿರಿಯಲ್ಲೋ ನವನಗರದಲ್ಲೋ ಯಾರದಾದರೂ ಮನೆಯ ಪಡಸಾಲೆಯಲ್ಲಿ ಎರಡು ದೊಡ್ಡ ಸೂಟ್‌ಕೇಸುಗಳು ಬಾಯಿ ತೆರೆದುಕೊಂಡು ಕೂತಿರುತ್ತವೆ. ಅಕ್ಟೋಬರಿನಲ್ಲಿ ತರಗತಿ ಶುರುವಾಗುವ ಜರ್ಮನಿಯ ವಿಶ್ವವಿದ್ಯಾಲಯಕ್ಕೋ, ಶ್ಟುಟ್‌ಗಾರ್ಟಿನ ಕಾರು ಕಾರ್ಖಾನೆಗಳ ಕೆಲಸಕ್ಕೋ ಹೊರಟಿರುವ ಮಗನ ಅಥವಾ ಮಗಳ ಪೆಟ್ಟಿಗೆಗಳು ಅವು. ಅವ್ವ ಒಂದು ಬದಿಯಿಂದ ಚಟ್ನಿಪುಡಿಯ ಪೊಟ್ಟಣಗಳನ್ನು ತುಂಬುತ್ತಿದ್ದರೆ ಅಪ್ಪ ಇನ್ನೊಂದು ಬದಿಯಿಂದ ಸ್ವೆಟರು, ರಗ್ಗು, ಮಂಕಿ ಟೋಪಿಗಳನ್ನು ತುರುಕುತ್ತಿರುತ್ತಾರೆ. ಆ ಊರಿನಲ್ಲಿ 6 ಚಳಿಗಾಲ ಕಳೆದವನು ನಾನಾದ್ದರಿಂದ ಇಂಥ ಮನೆಗಳಿಂದ ನನಗೆ ಫೋನು ಬರುತ್ತದೆ. ಅವ್ವ ತುಂಬಿದ್ದು ಹಾಗೇ ಇರಲಿ, ಅಪ್ಪ ತುಂಬಿದ್ದರಲ್ಲಿ ಮುಕ್ಕಾಲು ಪಾಲು ತೆಗೆಯಿರಿ ಎಂದು ನಾನು ಹೇಳುತ್ತೇನೆ. ಅಪ್ಪಂದಿರು ಅದನ್ನು ಅಷ್ಟು ಸುಲಭಕ್ಕೆ ಒಪ್ಪುವುದಿಲ್ಲ. ಕಾರಣಗಳನ್ನು ವಿವರವಾಗಿ ಬರೆದಿಟ್ಟರೆ ಎಲ್ಲರಿಗೂ ಅನುಕೂಲವೆಂದು ಈ ಬರಹ.

ಪೆಟ್ಟಿಗೆಯಲ್ಲಿ ಏನು ಇರಬೇಕು, ಏನು ಬೇಡ

ಮೊದಲು ಬೇಡದ್ದನ್ನು ಹೇಳಿಬಿಡುತ್ತೇನೆ. ಐರೋಪ್ಯ ಒಕ್ಕೂಟದ ಹೊರಗಿನಿಂದ ಬರುವ ಪ್ರಯಾಣಿಕರು ಮಾಂಸದ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಅಜ್ಜಿ ಕಾಸಿದ ತುಪ್ಪ ನೇರವಾಗಿ ಈ ನಿಯಮಕ್ಕೆ ಸಿಗುತ್ತದೆ. ಹಾಲನ್ನೇ ಇಂಗಿಸಿ ಮಾಡುವ ಬೆಳಗಾವಿ ಕುಂದಾ, ಧಾರವಾಡ ಪೇಡೆಗಳನ್ನು ಮನೆಯಲ್ಲೇ ಹೊಟ್ಟೆ ತುಂಬ ತಿಂದು ವಿಮಾನ ಹತ್ತುವುದು ಜಾಣತನ. ಹಸಿ ಕರಿಬೇವು, ನಿಂಬೆಹಣ್ಣು, ಮಾವಿನಕಾಯಿಗಳಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕಾಗುವುದರಿಂದ ಅವನ್ನೂ ಬಿಡಿ. ಕರಿಬೇವನ್ನು ನೆರಳಿನಲ್ಲಿ ಒಣಗಿಸಿ ಪುಡಿ ಮಾಡಿಕೊಂಡರೆ ಕೆಲಸ ನಡೆಯುತ್ತದೆ.

ತುಪ್ಪ ಬಿಟ್ಟುಹೋಯಿತೆಂದು ಮರುಗಬೇಕಾಗಿಲ್ಲ. ಅಲ್ಲಿನ ಯಾವುದೇ ಸೂಪರ್ ಮಾರ್ಕೆಟ್ಟಿನಲ್ಲಿ ಬೆಣ್ಣೆಯ ಆಸುಪಾಸಿನಲ್ಲೇ ‘ಬುಟರ್‌ಶ್ಮಾಲ್ಟ್ಸ್’ ಎಂಬ ಡಬ್ಬಿ ಇರುತ್ತದೆ, ಅದು ಕಾಸಿ ಸೋಸಿದ ಬೆಣ್ಣೆಯೇ. ಆದರೆ ಹೆಸರನ್ನು ಪೂರ್ತಿ ಓದಬೇಕು. ಬರೀ ‘ಶ್ಮಾಲ್ಟ್ಸ್’ ಎಂದಿದ್ದರೆ ಅದು ಸಾಮಾನ್ಯವಾಗಿ ಹಂದಿಯ ಕೊಬ್ಬು. ಸಸ್ಯಾಹಾರಿಗಳ ಮನೆಯಿಂದ ಹೊರಟವರು ಜರ್ಮನ್ ಭಾಷೆಯಲ್ಲಿ ಮೊಟ್ಟಮೊದಲು ಕಲಿಯಬೇಕಾದ ಪಾಠ ಇದು, ನಮಸ್ಕಾರ ಹೇಳುವುದನ್ನು ಆಮೇಲೆ ಕಲಿತರೂ ನಡೆದೀತು.

ಒಯ್ಯಲೇಬೇಕಾದವು ಒಣ ಪದಾರ್ಥಗಳು: ಮನೆಯ ಮಸಾಲೆ ಖಾರ, ಶೇಂಗಾ ಚಟ್ನಿಪುಡಿ, ಗುರೆಳ್ಳು ಚಟ್ನಿಪುಡಿ, ಮತ್ತು ಮೊದಲ ಹದಿನೈದು ದಿನಕ್ಕಾಗುವಷ್ಟು ಕಡಕ್ ರೊಟ್ಟಿ. ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿದರೆ ಶ್ಟುಟ್‌ಗಾರ್ಟ್ ಮುಟ್ಟುವಷ್ಟರಲ್ಲಿ ನುಚ್ಚಾಗಿರುತ್ತದೆ. ಅಗಲ ಸ್ಟೀಲ್ ಡಬ್ಬಿಯ ತಳಕ್ಕೆ ಹಳೆಯ ಧೋತರದ ತುಂಡನ್ನು ಹಾಸಿ, ರೊಟ್ಟಿಗಳನ್ನು ಒಂದರ ಮೇಲೊಂದು ಇಟ್ಟು, ಮೇಲೆ ಉಳಿದ ಜಾಗವನ್ನು ಕಾಲುಚೀಲಗಳಿಂದ ಬಿಗಿಯಾಗಿ ತುಂಬಬೇಕು; ಅಲುಗಾಡದಿದ್ದರೆ ರೊಟ್ಟಿ ಮುರಿಯುವುದಿಲ್ಲ. ಅಗಸಿ ಚಟ್ನಿಯನ್ನು ಮಾತ್ರ ಒಯ್ಯುವ ಅಗತ್ಯವಿಲ್ಲ, ಏಕೆಂದರೆ ಜರ್ಮನರು ಬ್ರೆಡ್ಡಿಗೂ ಬೆಳಗಿನ ತಿಂಡಿಗೂ ಅಗಸಿಯನ್ನು ಧಾರಾಳವಾಗಿ ಹಾಕುತ್ತಾರೆ. ‘ಲೈನ್‌ಜಾಮೆನ್’ ಎಂಬ ಹೆಸರಿನ ಪೊಟ್ಟಣ ಕೊಂಡು, ಹುರಿದು, ಒಯ್ದ ಖಾರ, ಬಳ್ಳೊಳ್ಳಿ, ಉಪ್ಪು ಹಾಕಿ ಮಿಕ್ಸರಿನಲ್ಲಿ ತಿರುವಿದರೆ ಊರಿನ ರುಚಿಯೇ ಬರುತ್ತದೆ.

ಮಿಕ್ಸರನ್ನು ಇಲ್ಲಿಂದಲೇ ಒಯ್ಯಬಹುದು. ಎರಡೂ ದೇಶಗಳಲ್ಲಿ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್ ಇರುವುದರಿಂದ ಟ್ರಾನ್ಸ್‌ಫಾರ್ಮರ್ ಬೇಕಿಲ್ಲ. ನಮ್ಮ ಮೂರು ಕಡ್ಡಿಯ ಪ್ಲಗ್ಗು ಅಲ್ಲಿನ ಸಾಕೆಟ್ಟಿಗೆ ಕೂಡದ ಕಾರಣ ಒಂದು ಅಡಾಪ್ಟರ್ ಸಾಕು. ಕುಕ್ಕರು ಮತ್ತು ಹಂಚಿನ ವಿಷಯದಲ್ಲಿ ಒಂದೇ ಷರತ್ತು, ತಳ ಪೂರ್ತಿ ಸಪಾಟಾಗಿರಬೇಕು. ಅಲ್ಲಿ ಬೆಂಕಿಯ ಒಲೆ ಸಿಗುವುದು ಅಪರೂಪ. ಗಾಜಿನ ಹಲಗೆಯಂಥ ವಿದ್ಯುತ್ ಒಲೆಯ ಮೇಲೆ ನಡುವೆ ತಗ್ಗಿರುವ ನಮ್ಮ ಹಂಚು ಇಟ್ಟರೆ ನಡುವಷ್ಟೇ ಕಾಯುತ್ತದೆ, ಅಂಚು ತಣ್ಣಗಿರುತ್ತದೆ.

ಗಾಜಿನ ಒಲೆಯ ಮೇಲೆ ಜೋಳದ ರೊಟ್ಟಿ

ಜೋಳದ ಹಿಟ್ಟು ಅಲ್ಲಿನ ಭಾರತೀಯ ಅಂಗಡಿಗಳಲ್ಲಿ ‘ಜವಾರ್’ ಎಂಬ ಹೆಸರಿನಲ್ಲಿ ಸಿಗುತ್ತದೆ. ಅದು ಬೀಸಿ ಬಹಳ ದಿನವಾದ ಹಿಟ್ಟು ಎಂಬುದೇ ತೊಡಕು. ಗಿರಣಿಯಿಂದ ಬಿಸಿಬಿಸಿಯಾಗಿ ತಂದ ಹಿಟ್ಟಿನ ಜಿಗಿ ಅದಕ್ಕೆ ಇರುವುದಿಲ್ಲವಾದ್ದರಿಂದ, ಊರಿನ ಅಳತೆಯಲ್ಲಿ ನಾದಿ ಬಡಿದರೆ ಅಂಚು ಸೀಳುತ್ತದೆ, ಎತ್ತಿ ಹಂಚಿಗೆ ಹಾಕುವಾಗ ಎರಡು ತುಂಡಾಗುತ್ತದೆ. ನಾನು ಒಂದು ತಿಂಗಳು ಪ್ರತಿ ದಿನ ನಕಾಶೆಯಂಥ ರೊಟ್ಟಿ ತಿಂದ ಮೇಲೆ ಕಂಡುಕೊಂಡ ಉಪಾಯ ಹೀಗಿದೆ.

ಹಿಟ್ಟಿನಲ್ಲಿ ಅರ್ಧವನ್ನು ಮಾತ್ರ ಬೋಗುಣಿಯಲ್ಲಿ ಹಾಕಿ, ಕೊತಕೊತ ಕುದಿಯುವ ಎಸರನ್ನು ಅದರ ಮೇಲೆ ಸುರಿದು, ಚಮಚದಿಂದ ತಿರುವಿ, ತಾಟು ಮುಚ್ಚಿ 10 ನಿಮಿಷ ಬಿಡಬೇಕು. ಅದು ಗಂಜಿಗೂ ಮುದ್ದೆಗೂ ನಡುವಿನ ಹದಕ್ಕೆ ಬಂದಿರುತ್ತದೆ. ಉಳಿದ ಒಣ ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಸೇರಿಸುತ್ತ, ಅಂಗೈ ಬುಡದಿಂದ ಒತ್ತಿ ಒತ್ತಿ, ಊರಿನಲ್ಲಿ ನಾದುವ ಹೊತ್ತಿಗಿಂತ ದುಪ್ಪಟ್ಟು ಹೊತ್ತು ನಾದಬೇಕು. ಬೆರಳಿನಿಂದ ಒತ್ತಿದಾಗ ಉಂಡೆಯ ಅಂಚಿನಲ್ಲಿ ಬಿರುಕು ಕಾಣದಿದ್ದರೆ ಹದ ಬಂದಿದೆ. ರೊಟ್ಟಿಯನ್ನು ಅಂಗೈಗಿಂತ ಸ್ವಲ್ಪ ದೊಡ್ಡದಾಗಿ ಮಾತ್ರ ಮಾಡಿ. ಅವ್ವನ ತಾಟಿನಗಲದ ರೊಟ್ಟಿಯ ಆಸೆಯನ್ನು ಮೊದಲ ವರ್ಷ ಬಿಡಿ. ಒಲೆಯನ್ನು 9ರಲ್ಲಿ 8ಕ್ಕಿಟ್ಟು ಹಂಚನ್ನು ಚೆನ್ನಾಗಿ ಕಾಯಿಸಿ, ರೊಟ್ಟಿ ಹಾಕಿದ ಕೂಡಲೇ ಮೇಲ್ಬದಿಗೆ ನೀರು ಸವರಿ, ನೀರು ಆರುತ್ತಲೇ ತಿರುವಿ ಹಾಕಬೇಕು. ಉಬ್ಬಿಸಲು ಕೆಂಡವೂ ಇಲ್ಲ, ಉರಿಯೂ ಇಲ್ಲ. ಮಡಚಿದ ಅರಿವೆಯಿಂದ ಅಂಚನ್ನು ಸುತ್ತಲೂ ಒತ್ತುತ್ತ ಬಂದರೆ ಉಗಿ ನಡುವಿಗೆ ಸರಿದು ರೊಟ್ಟಿ ಹಂಚಿನ ಮೇಲೆಯೇ ಉಬ್ಬುತ್ತದೆ. ಕಬ್ಬಿಣದ ಹಂಚನ್ನು ಗಾಜಿನ ಮೇಲೆ ಎಳೆದಾಡಬೇಡಿ, ಗೀರು ಬಿದ್ದರೆ ಮನೆ ಬಿಡುವಾಗ ಡಿಪಾಸಿಟ್ಟಿನಲ್ಲಿ ಹಣ ಮುರಿಯುತ್ತಾರೆ.

ಸದ್ದಿನ ವಿಚಾರವೂ ಇದೆ. ಜರ್ಮನಿಯಲ್ಲಿ ರಾತ್ರಿ 10ರಿಂದ ಬೆಳಗಿನ 6ರವರೆಗೆ ಮತ್ತು ಭಾನುವಾರ ಇಡೀ ದಿನ ನಿಶ್ಶಬ್ದದ ಹೊತ್ತು. ಒಂದು ಭಾನುವಾರ ಮಧ್ಯಾಹ್ನ ನಾನು ಅಡಿಗೆಕಟ್ಟೆಯ ಮೇಲೆ ಐದನೇ ರೊಟ್ಟಿ ಬಡಿಯುತ್ತಿದ್ದಾಗ ಕೆಳಗಿನ ಮನೆಯ ಅಜ್ಜಿ ಬಂದು, ಬಡಿಗತನವನ್ನು ಸೋಮವಾರಕ್ಕೆ ಇಟ್ಟುಕೊಳ್ಳಬಾರದೇ ಎಂದು ವಿನಯದಿಂದಲೇ ಕೇಳಿದರು. ಒಳಗೆ ಕರೆದು ತೋರಿಸಿ, ಒಂದು ಬಿಸಿ ರೊಟ್ಟಿಗೆ ತುಪ್ಪ ಸವರಿ ಶೇಂಗಾ ಚಟ್ನಿ ಉದುರಿಸಿ ಕೊಟ್ಟೆ. ನಿಂತಲ್ಲೇ ತಿಂದು, ಖಾರಕ್ಕೆ ಕಣ್ಣೊರೆಸಿಕೊಂಡು, ಹಲಗೆಯ ಕೆಳಗೆ ದಪ್ಪ ಟವೆಲ್ಲನ್ನು ಒದ್ದೆ ಮಾಡಿ ಹಾಸಿಕೊಳ್ಳಿ ಎಂದು ಹೇಳಿ ಹೋದರು. ಆ ಸಲಹೆ ಬಹಳ ಒಳ್ಳೆಯದು: ಸದ್ದೂ ಅಡಗುತ್ತದೆ, ಹಲಗೆಯೂ ಜಾರುವುದಿಲ್ಲ.

ರೊಟ್ಟಿಯ ಜೊತೆಗಿನವು ಅಷ್ಟು ಕಷ್ಟವಿಲ್ಲ. ಝುಣಕಕ್ಕೆ ‘ಕಿಶರ್‌ಎರ್ಬ್ಸೆನ್‌ಮೇಲ್’ ಎಂಬ ಕಡಲೆಹಿಟ್ಟು, ಉಪ್ಪಿಟ್ಟಿಗೆ ‘ಗ್ರೀಸ್’ ಎಂಬ ರವೆ, ಹಸಿಯಾಗಿ ಕಡಿಯಲು ‘ಫ್ರ್ಯೂಲಿಂಗ್ಸ್‌ಟ್ಸ್ವೀಬೆಲ್’ ಎಂಬ ಉಳ್ಳಾಗಡ್ಡಿ ತಪ್ಪಲು ಎಲ್ಲ ಕಡೆಯೂ ಸಿಗುತ್ತವೆ. ಮೊಸರು ಕೊಳ್ಳುವಾಗ ಹಣ್ಣು ಹಾಕಿದ್ದನ್ನು ಬಿಟ್ಟು ಸಾದಾ ಮೊಸರು ಕೊಳ್ಳಿ, ಮತ್ತು ಕೆನೆಯ ಸಿಹಿಗಳ ಮೇಲೆ ‘ಗೆಲಾಟೀನೆ’ ಎಂದು ಬರೆದಿದ್ದರೆ ಅದು ಪ್ರಾಣಿಜನ್ಯ ಅಂಟು ಎಂದು ತಿಳಿಯಿರಿ.

ಹೊರಗಿನ ಊಟದಲ್ಲಿ ಬೇಳೆಯನ್ನು ನಂಬಬೇಡಿ

ಶ್ಟುಟ್‌ಗಾರ್ಟ್ ಇರುವುದು ಶ್ವಾಬಿಯ ಸೀಮೆಯಲ್ಲಿ. ಅಲ್ಲಿನ ಅಡಿಗೆ ಸಸ್ಯಾಹಾರಿಗೆ ಮೇಲ್ನೋಟಕ್ಕೆ ಬಹಳ ಆಪ್ತವೆನಿಸುತ್ತದೆ, ಅಪಾಯವೂ ಅಲ್ಲಿಯೇ ಇದೆ. ‘ಲಿನ್ಸೆನ್ ಮಿಟ್ ಶ್ಪೆಟ್ಸ್ಲೆ’ ಎಂದರೆ ಬೇಳೆಗಾಳಿನ ಪಲ್ಯದಂಥದರ ಜೊತೆ ಶ್ಯಾವಿಗೆಯ ಅಣ್ಣನಂಥ ಹಿಟ್ಟಿನ ತಿನಿಸು. ಓದಿದ ಕೂಡಲೇ ಬೇಳೆಸಾರಿನ ನೆನಪಾಗಿ ಬಾಯಲ್ಲಿ ನೀರೂರುತ್ತದೆ. ಆದರೆ ತಾಟಿನಲ್ಲಿ ಅದರ ಮೇಲೆ ಸಾಸೇಜು ಕೂತು ಬರುತ್ತದೆ. ಸಾಸೇಜು ಬೇಡವೆಂದು ಹೇಳಿದರೂ, ಬೇಳೆ ಬೇಯುವಾಗಲೇ ‘ಶ್ಪೆಕ್’ ಎಂಬ ಹಂದಿಮಾಂಸದ ಚೂರುಗಳು ಅದರಲ್ಲಿ ಸೇರಿರುವುದುಂಟು. ಆಲೂಗಡ್ಡೆಯ ಸಲಾಡಿಗೆ ಆ ಸೀಮೆಯಲ್ಲಿ ಮಾಂಸದ ರಸ ಹಾಕುವ ರೂಢಿಯಿದೆ. ಬೇಕರಿಯ ‘ಬ್ರೆತ್ಸೆಲ್’ ಎಂಬ ಗಂಟುಬ್ರೆಡ್ಡಿನ ಹಿಟ್ಟಿಗೂ ಕೆಲವರು ಹಂದಿಯ ಕೊಬ್ಬು ಸೇರಿಸುತ್ತಾರೆ, ಕೇಳಿದರೆ ಸರಿಯಾಗಿ ಹೇಳುತ್ತಾರೆ. ‘ಮೌಲ್‌ಟಾಶೆನ್’ ನೋಡಲು ನಮ್ಮ ಕಡಬಿನ ಹಾಗೆ ಇರುತ್ತದೆ, ಒಳಗೆ ಸಾಮಾನ್ಯವಾಗಿ ಮಾಂಸದ ಹೂರಣ. ಉಪವಾಸದ ದಿನಗಳಲ್ಲಿ ಸನ್ಯಾಸಿಗಳು ಮಾಂಸವನ್ನು ಹಿಟ್ಟಿನೊಳಗೆ ಬಚ್ಚಿಟ್ಟು ತಿನ್ನುತ್ತಿದ್ದರೆಂದು ಕಥೆ ಕಟ್ಟಿ, ದೇವರ ಕಣ್ಣಿಗೆ ಮಣ್ಣೆರಚುವ ತಿನಿಸೆಂಬ ಅರ್ಥದ ಅಡ್ಡಹೆಸರನ್ನು ಅಲ್ಲಿನವರೇ ಅದಕ್ಕೆ ಇಟ್ಟಿದ್ದಾರೆ. ಸೊಪ್ಪು ತುಂಬಿದ ಬಗೆಯೂ ಇದೆ, ಕೇಳಿ ತರಿಸಿಕೊಳ್ಳಿ.

ಮೊಟ್ಟೆ ನಡೆಯುತ್ತದೆ ಎನ್ನುವವರಿಗೆ ಚೀಸಿನಲ್ಲಿ ಕಲಸಿ ಮೇಲೆ ಹುರಿದ ಉಳ್ಳಾಗಡ್ಡಿ ಉದುರಿಸುವ ‘ಕೇಜೆಶ್ಪೆಟ್ಸ್ಲೆ’ ಒಳ್ಳೆಯ ಊಟ. ಮೊಟ್ಟೆಯೂ ನಡೆಯದವರು ‘ವೇಗನ್’ ಎಂಬ ಶಬ್ದವನ್ನು ಬಳಸಿ, ಜರ್ಮನಿಯಲ್ಲಿ ಅದು ಎಲ್ಲರಿಗೂ ತಿಳಿದ ಶಬ್ದ. ವಿಶ್ವವಿದ್ಯಾಲಯದ ಊಟದ ಮನೆಗಳಲ್ಲಿ ಪ್ರತಿ ತಿನಿಸಿನ ಮುಂದೆ ಗುರುತು ಇರುತ್ತದೆ. ರಾತ್ರಿ ತಡವಾದರೆ ಟರ್ಕಿಯವರ ಡೋನರ್ ಅಂಗಡಿಯ ಕಡಲೆವಡೆ, ಅಂದರೆ ಫಲಾಫೆಲ್, ನನ್ನ ಮಟ್ಟಿಗೆ ಆಪದ್ಬಾಂಧವ.

ಹೋಟೆಲಿನಲ್ಲಿ ಕೂತ ಕೂಡಲೇ ಯಾರೂ ನೀರಿನ ಲೋಟ ತಂದಿಡುವುದಿಲ್ಲ. ನೀರನ್ನು ಹೇಳಿ ತರಿಸಿಕೊಳ್ಳಬೇಕು, ಅದಕ್ಕೆ ಹಣವನ್ನೂ ಕೊಡಬೇಕು, ಮತ್ತು ಬರೀ ‘ನೀರು’ ಎಂದರೆ ಸೋಡಾ ಬರುವ ಸಂಭವವೇ ಹೆಚ್ಚು. ಗ್ಯಾಸಿಲ್ಲದ ನೀರಿಗೆ ‘ಶ್ಟಿಲೆಸ್ ವಾಸರ್’ ಎನ್ನಬೇಕು. ಮನೆಯ ನಲ್ಲಿಯ ನೀರು ಕುಡಿಯಲು ಯೋಗ್ಯವಾದ್ದರಿಂದ ಬಾಟಲಿ ಹೊರುವ ಕಷ್ಟ ಬೇಡ. ಕೊಂಡರೂ ಪ್ಲಾಸ್ಟಿಕ್ ಬಾಟಲಿಯ ಮೇಲೆ 25 ಸೆಂಟು ಠೇವಣಿ ಇರುತ್ತದೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿ ವಾಪಸು ಪಡೆಯಬೇಕು. ಬಿಲ್ಲು ಬಂದಾಗ ಒಟ್ಟಿಗೋ ಬೇರೆಬೇರೆಯೋ ಎಂದು ಕೇಳುತ್ತಾರೆ. ನಾನು ಕೊಡುತ್ತೇನೆ, ನೀನು ಕೊಡಬೇಡ ಎಂದು ಕೈ ಹಿಡಿದೆಳೆಯುವ ನಮ್ಮ ಜಗಳ ಅಲ್ಲಿ ಯಾರಿಗೂ ತಿಳಿಯುವುದಿಲ್ಲ, ಅವರವರು ತಿಂದದ್ದಕ್ಕೆ ಅವರವರು ಕೊಟ್ಟರೆ ಅದರಲ್ಲಿ ಸಣ್ಣತನವೇನೂ ಇಲ್ಲ. ಟಿಪ್ಸನ್ನು ಮೇಜಿನ ಮೇಲೆ ಬಿಡುವ ಬದಲು, 18 ಯೂರೊ ಆಗಿದ್ದರೆ 20 ಎಂದು ಬಾಯಲ್ಲೇ ಹೇಳಿ ಕೊಡುವುದು ರೂಢಿ.

ಚಳಿಗೆ ಉಳ್ಳಾಗಡ್ಡಿಯ ಪಾಠ

ಅಪ್ಪ ಕೊಡಿಸಿದ ಸ್ವೆಟರು ಬಾಗಲಕೋಟೆಯ ಡಿಸೆಂಬರಿನ ನಸುಕಿಗೆ ಹೊಲಿದದ್ದು. ಶ್ಟುಟ್‌ಗಾರ್ಟಿನ ಜನವರಿಯಲ್ಲಿ ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿ ಆಡುತ್ತಿರುತ್ತದೆ, ಜೊತೆಗೆ ಗಾಳಿ ಮತ್ತು ಜಿಟಿಜಿಟಿ ಮಳೆ. ಅಲ್ಲಿನವರು ಬಟ್ಟೆ ತೊಡುವ ಕ್ರಮಕ್ಕೆ ಉಳ್ಳಾಗಡ್ಡಿ ಪದ್ಧತಿ ಎಂದೇ ಹೆಸರಿಟ್ಟಿದ್ದಾರೆ. ಉಳ್ಳಾಗಡ್ಡಿ ಬೆಳೆಯುವ ಜಿಲ್ಲೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಮೈಗೆ ಅಂಟಿದ ಪದರು ಉಣ್ಣೆಯದೋ ಥರ್ಮಲ್ಲೋ ಆಗಿರಬೇಕು, ಏಕೆಂದರೆ ಹತ್ತಿ ಬನಿಯನ್ನು ಬೆವರನ್ನು ಹೀರಿಕೊಂಡು ಮೈಯನ್ನೇ ತಣ್ಣಗಾಗಿಸುತ್ತದೆ. ನಡುವೆ ಸ್ವೆಟರು, ಹೊರಗೆ ಗಾಳಿ ಮತ್ತು ನೀರನ್ನು ತಡೆಯುವ ಜಾಕೀಟು. ರೈಲಿನಲ್ಲಿ, ತರಗತಿಯಲ್ಲಿ, ಅಂಗಡಿಯಲ್ಲಿ ಬೆಚ್ಚಗಿರುವುದರಿಂದ ಪದರು ಬಿಚ್ಚಲು ಬರಬೇಕು. ಒಂದೇ ದಪ್ಪ ಕೋಟಿನ ಒಳಗೆ ಬರೀ ಬನಿಯನ್ನು ತೊಟ್ಟವನು ಬಿಚ್ಚಲೂ ಆಗದೆ ತೊಡಲೂ ಆಗದೆ ಬೆವರುತ್ತಾನೆ. ಈ ಜಾಕೀಟು ಮತ್ತು ನೀರು ಒಳಗಿಳಿಯದ, ಜಾರದ ತಳದ ಬೂಟುಗಳನ್ನು ಅಲ್ಲಿಯೇ, ಮೊದಲ ತಿಂಗಳಲ್ಲೇ ಕೊಳ್ಳಿ. ಅಪ್ಪನ ಸೂಟ್‌ಕೇಸಿನಿಂದ ಮಂಕಿ ಟೋಪಿಯೊಂದನ್ನು ಮಾತ್ರ ಇಟ್ಟುಕೊಳ್ಳಬಹುದು.

ಚಳಿಗಿಂತ ಕತ್ತಲೆ ಹೆಚ್ಚು ಕಾಡುತ್ತದೆ. ಡಿಸೆಂಬರಿನಲ್ಲಿ ಬೆಳಗಿನ 8 ದಾಟಿದ ಮೇಲೆ ಸೂರ್ಯ ಹುಟ್ಟಿ, ಸಂಜೆ 4.30ರ ಹೊತ್ತಿಗೆ ಮುಳುಗಿರುತ್ತಾನೆ. ಚಳಿಗಾಲದಲ್ಲಿ ನಮಗೂ ಅವರಿಗೂ ನಾಲ್ಕೂವರೆ ತಾಸಿನ ಅಂತರ, ಊರಿನಲ್ಲಿ ರಾತ್ರಿ 9ಕ್ಕೆ ಊಟ ಮುಗಿಸಿ ಅವ್ವ ವಿಡಿಯೊ ಕರೆ ಮಾಡಿದಾಗ, “ಯಪ್ಪಾ, ನಿಮ್ಮಲ್ಲೆ ಇನ್ನಾ ನಾಕೂವರಿ ಅಂತಿ, ಕಿಡಕ್ಯಾಗ ನೋಡಿದ್ರ ನಡುರಾತ್ರಿ ಕಂಡಂಗ ಕಾಣತೈತಲ್ಲೋ?” ಎಂದು ಪ್ರತಿ ಸಲವೂ ಗಾಬರಿಯಾಗುತ್ತಿದ್ದಳು. ಮಧ್ಯಾಹ್ನ ಬೆಳಕಿರುವಾಗ ಅರ್ಧ ತಾಸಾದರೂ ಹೊರಗೆ ನಡೆಯಿರಿ. ಡಿ ಜೀವಸತ್ವದ ವಿಷಯವನ್ನು ವೈದ್ಯರಲ್ಲಿ ಕೇಳಿ, ಸ್ವಂತ ಬುದ್ಧಿಯಿಂದ ಗುಳಿಗೆ ನುಂಗಬೇಡಿ.

ಕಿಟಕಿ ತೆರೆಯುವ ಕೆಲಸ

ಹೊಸದಾಗಿ ಹೋದವರು ಹೆಚ್ಚಾಗಿ ತಪ್ಪುವುದು ಇಲ್ಲಿ, ನಾನೂ ತಪ್ಪಿದ್ದೆ. ಚಳಿಯೆಂದು ನವೆಂಬರಿನಲ್ಲಿ ಮುಚ್ಚಿದ ಕಿಟಕಿಯನ್ನು ನಾನು ತೆರೆಯಲೇ ಇಲ್ಲ. ಒಳಗೆ ದಿನಾ ಕುಕ್ಕರಿನ ಉಗಿ, ರೊಟ್ಟಿಯ ಎಸರು, ಹಗ್ಗದ ಮೇಲೆ ಒದ್ದೆ ಬಟ್ಟೆ. ಬೆಳಿಗ್ಗೆ ಗಾಜಿನ ಮೇಲೆ ನೀರು ಇಳಿಯುವುದನ್ನು ಕಂಡು ಮಂಜು ಎಂದುಕೊಂಡೆ. ಫೆಬ್ರುವರಿಯಲ್ಲಿ ಕಪಾಟು ಸರಿಸಿದಾಗ ಹಿಂದಿನ ಗೋಡೆಯ ಮೂಲೆಯಲ್ಲಿ ಕಾಡಿಗೆ ಚೆಲ್ಲಿದ ಹಾಗೆ ಬೂಸು ಹಿಡಿದಿತ್ತು, ಅದನ್ನು ತೆಗೆಸಿದ ಖರ್ಚನ್ನು ಮನೆಯ ಮಾಲೀಕರು ನನ್ನ ಲೆಕ್ಕಕ್ಕೆ ಹಚ್ಚಿದರು. ಬೆಚ್ಚನೆಯ ಗಾಳಿಯಲ್ಲಿನ ತೇವ ತಣ್ಣನೆಯ ಗೋಡೆ ಮುಟ್ಟಿದಾಗ ನೀರಾಗುತ್ತದೆ, ಆ ನೀರಿನಲ್ಲಿ ಬೂಸು ಬೆಳೆಯುತ್ತದೆ.

ಇದಕ್ಕೆ ಪರಿಹಾರ ದಿನಕ್ಕೆ ಎರಡು ಮೂರು ಸಲ, ಅಡಿಗೆಯ ಮತ್ತು ಸ್ನಾನದ ನಂತರ ತಪ್ಪದೆ, ಹೀಟರ್ ಆರಿಸಿ ಕಿಟಕಿಯನ್ನು ಪೂರ್ತಿ ತೆರೆದು 5ರಿಂದ 10 ನಿಮಿಷ ಬಿಡುವುದು. ಕಿಟಕಿಯನ್ನು ಸ್ವಲ್ಪವೇ ಓರೆ ಮಾಡಿ ತಾಸುಗಟ್ಟಲೆ ಬಿಟ್ಟರೆ ಗೋಡೆ ತಣ್ಣಗಾಗುತ್ತದೆಯೇ ಹೊರತು ತೇವ ಸರಿಯಾಗಿ ಹೋಗುವುದಿಲ್ಲ. ಹೀಟರಿನ ತಿರುಗಣೆಯ ಮೇಲೆ 1ರಿಂದ 5ರ ಅಂಕಿಗಳಿರುತ್ತವೆ, 3 ಎಂದರೆ ಸುಮಾರು 20 ಡಿಗ್ರಿ. 5ಕ್ಕೆ ತಿರುಗಿಸಿದರೆ ಕೋಣೆ ಬೇಗ ಬೆಚ್ಚಗಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೇಕಾದ್ದಕ್ಕಿಂತ ಹೆಚ್ಚು ಕಾಯುತ್ತದೆ, ಮತ್ತು ವರ್ಷದ ಕೊನೆಯ ಲೆಕ್ಕದಲ್ಲಿ ಬಾಕಿ ಹಣ ಕಟ್ಟುವಂತಾಗುತ್ತದೆ. ಒಗ್ಗರಣೆಗೆ ಮೆಣಸಿನಕಾಯಿ ಹಾಕುವ ಮೊದಲೂ ಕಿಟಕಿ ತೆರೆದಿರಲಿ. ಮನೆಗಳಲ್ಲಿ ಹೊಗೆಯ ಅಲಾರಾಂ ಕಡ್ಡಾಯ, ಒಂದೇ ಕೋಣೆಯ ಮನೆಯಲ್ಲಿ ಅದು ಒಲೆಗೆ ಬಹಳ ಸಮೀಪದಲ್ಲೇ ಇರುತ್ತದೆ.

ಉಳಿದ ಸಣ್ಣಪುಟ್ಟವು

ಮನೆ ಸೇರಿದ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅಂಚೆಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿಲ್ಲದಿದ್ದರೆ ಪತ್ರ ವಾಪಸು ಹೋಗುತ್ತದೆ. ನಮ್ಮ ಕಡೆಯವರಲ್ಲಿ ಅಡ್ಡಹೆಸರು ಒಂದು ಕಾಗದದಲ್ಲಿ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲವಾದ್ದರಿಂದ ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ಬರೆದು ಅಂಟಿಸಿ. ಬಾಗಿಲ ಮೇಲೆ ‘ಕೇರ್‌ವೋಖೆ’ ಎಂಬ ಫಲಕ ತೂಗಿದರೆ ಆ ವಾರ ಮೆಟ್ಟಿಲು ಗುಡಿಸುವ ಪಾಳಿ ನಿಮ್ಮದು. ಶ್ವಾಬಿಯದವರು ಇದರಲ್ಲಿ ನಮ್ಮ ಅತ್ತೆಯರಷ್ಟೇ ಕಟ್ಟುನಿಟ್ಟು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಡಿಸೆಂಬರ್ 24ರ ಮಧ್ಯಾಹ್ನದಿಂದ 26ರವರೆಗೂ ಮುಚ್ಚಿರುತ್ತವೆ. ಮೊದಲ ವರ್ಷ ಆ ಎರಡೂವರೆ ದಿನ ನಾನು ಅನ್ನಕ್ಕೆ ಗುರೆಳ್ಳು ಚಟ್ನಿ ಕಲಸಿಕೊಂಡು ಉಂಡೆ. ತೀರಾ ಕಾಯಿಲೆಯಾದರೆ 112, ಆಸ್ಪತ್ರೆಗೆ ಓಡುವಷ್ಟಲ್ಲದ ರಾತ್ರಿ ಜ್ವರಕ್ಕೆ 116117 ಎಂಬ ಸಂಖ್ಯೆಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ.

ಮಾರ್ಚಿನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ಅಂದಿನಿಂದ ಊರಿನ ಅಂತರ ಮೂರೂವರೆ ತಾಸು. ಬಿಸಿಲು ಕಂಡಿತೆಂದು ಏಪ್ರಿಲಿನಲ್ಲೇ ಜಾಕೀಟನ್ನು ಪೆಟ್ಟಿಗೆಗೆ ಹಾಕಬೇಡಿ. ನಮ್ಮ ರೈತರು ರೋಹಿಣಿ, ಮೃಗಶಿರಾ ಎಂದು ಮಳೆಯನ್ನು ಎಣಿಸುವ ಹಾಗೆ ಅಲ್ಲಿನವರು ಮೇ 11ರಿಂದ 15ರವರೆಗಿನ ದಿನಗಳನ್ನು ಹಿಮದ ಸಂತರ ದಿನಗಳೆಂದು ಎಣಿಸುತ್ತಾರೆ, ಕೊನೆಯವಳು ತಣ್ಣನೆಯ ಸೋಫಿ. ಅವಳು ದಾಟುವವರೆಗೆ ಅಜ್ಜಿಯರು ಕುಂಡದಲ್ಲಿ ಎಳೆ ಸಸಿ ಇಡುವುದಿಲ್ಲ. 16ರಂದು ಬಾಲ್ಕನಿಯ ಕುಂಡದಲ್ಲಿ ಒಂದು ಹಿಡಿ ಮೆಂತೆಕಾಳು ಉದುರಿಸಿ ನೀರು ಹಾಕಿ; ಜೂನಿನಲ್ಲಿ ರಾತ್ರಿ 9 ಗಂಟೆಯ ಬಿಸಿಲಿನಲ್ಲಿ ಕೂತು, ಎಳೆಯ ಮೆಂತೆ ತಪ್ಪಲನ್ನು ಹಸಿಯಾಗಿಯೇ ರೊಟ್ಟಿಗೆ ಹಚ್ಚಿಕೊಂಡು ತಿನ್ನಬಹುದು.